ಮೇಸ್ತ್ರಿಯನ್ನು ಕರೆತರಲು ಪೋರ್ಚುಗಲ್ಲಿಗೆ

ನಾನು ಕೊಟ್ಟಿಗೆಹಾರ ಬಿಟ್ಟ ಬೆಳಿಗ್ಗೆ ಇನ್ನೂ ಹೂಮಳೆ ಬಿದ್ದಿರಲಿಲ್ಲ. ಕಾಫಿ ಗಿಡಗಳು ಮೊಗ್ಗು ಹೊತ್ತು ಆಕಾಶ ನೋಡುತ್ತಿದ್ದವು, ತೋಟದ ಯಜಮಾನರೂ ಹಾಗೆಯೇ. ಈ ಹೊತ್ತಿನಲ್ಲಿ ಬುದ್ಧಿಯಿರುವ ಕಾಫಿ ವ್ಯಾಪಾರಿ ಊರು ಬಿಡುವುದಿಲ್ಲ. ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವ ಮೋಟಾರು ಬಸ್ಸಿನ ಕಂಡಕ್ಟರು ನನ್ನ ಟ್ರಂಕು, ಹಾಸಿಗೆ ಸುರುಳಿ, ಬುತ್ತಿಯ ಬುಟ್ಟಿ ಎಲ್ಲವನ್ನೂ ನೋಡಿ, "ಎಲ್ಲಿಗೆ ಹೊರಟ್ರಿ ಇಸ್ಮಾಯಿಲ್ ಸಾಹೇಬ್ರು?" ಎಂದು ಕೇಳಿದ. ಪೋರ್ಚುಗಲ್ಲಿಗೆ ಎಂದೆ. ಅವನು ಸ್ವಲ್ಪ ಯೋಚಿಸಿ, "ಮಂಗಳೂರಿನವರೆಗೆ ಟಿಕೀಟು ಕೊಡ್ತೀನಿ. ಅಲ್ಲಿಂದ ಮುಂದೆ ನಮ್ಮ ಸರ್ವೀಸ್ ಇಲ್ಲ" ಎಂದ.

ಅಷ್ಟು ದೂರ ಹೊರಟದ್ದು ನನ್ನ ತಮ್ಮ ಹಮೀದನನ್ನು ಕರೆತರಲು. ನಮ್ಮ ತಂದೆ ಕೊಟ್ಟಿಗೆಹಾರದಲ್ಲಿ ಎತ್ತಿನ ಗಾಡಿ ಮಾಡುವ ಬಡಗಿಯಾಗಿದ್ದರು. ನಾನು ವ್ಯಾಪಾರಕ್ಕೆ ಇಳಿದೆ, ಹಮೀದ ಉಳಿ ಹಿಡಿದ. ನನ್ನ ಹೆಂಡತಿಯ ತಂಗಿ ಖತೀಜಳಿಗೂ ಅವನಿಗೂ ಮದುವೆ ಮಾಡುವುದೆಂದು ಹೆಂಗಸರೆಲ್ಲ ಸೇರಿ ತೀರ್ಮಾನಿಸಿದ್ದರು. ಹುಡುಗನಿಗೂ ಹುಡುಗಿಗೂ ಅದೇ ಇಷ್ಟ. ಉಳಿದದ್ದು ನನ್ನ ಮಾವ ಅಬ್ಬಾಸ್ ಮೇಸ್ತ್ರಿಯವರ ಒಪ್ಪಿಗೆ ಮಾತ್ರ.

ಮೇಸ್ತ್ರಿ ಎಂದರೆ ಯಾರೆಂದು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ಬಯಲುಸೀಮೆಯವರಿಗೆ ಹೇಳುವುದಾದರೆ, ಘಟ್ಟದ ಕೆಳಗಿನಿಂದ ಆಳುಗಳನ್ನು ಕರೆತಂದು, ಎಸ್ಟೇಟಿನ ಲೈನುಮನೆಗಳಲ್ಲಿ ಇಳಿಸಿ, ಅವರಿಂದ ಕೆಲಸ ತೆಗೆಯುವವನು. ಕೈಕೆಳಗೆ ಎಷ್ಟು ಜನ ಎಂಬುದರ ಮೇಲೆ ಅವನ ತೂಕ. ನಮ್ಮ ಮಾವ ಆ ಲೆಕ್ಕದಲ್ಲಿ ದೊಡ್ಡ ಮನುಷ್ಯರು. ಆಳು ಹಿಡಿಯುವಾಗ ಅವರು ಹೆಸರು ಕೇಳುತ್ತಿರಲಿಲ್ಲ, ಊರು ಕೇಳುತ್ತಿರಲಿಲ್ಲ. "ಕೈ ಕೊಡು ನೋಡ್ವ" ಎಂದು ಅವನ ಅಂಗೈಯನ್ನು ಹಿಡಿದು, ತಮ್ಮ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಬೆರಳಿನ ಬುಡ ಗಟ್ಟಿಯಿದ್ದರೆ ಗುದ್ದಲಿಗೆ, ಮೆತ್ತಗಿದ್ದರೆ ಹಣ್ಣು ಕುಯ್ಯಲಿಕ್ಕೆ, ತೀರ ಮೆತ್ತಗಿದ್ದರೆ ಮನೆಗೆ. ಅವರ ಹೆಬ್ಬೆರಳು ಸುಳ್ಳು ಹೇಳುವುದಿಲ್ಲವೆಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳೂ ಒಪ್ಪುತ್ತಿದ್ದರು.

ಅಂಥವರು ಹಮೀದನಿಗೆ ಎಲ್ಲರೆದುರು, "ಬಡಗಿಗೆ ಮಗಳನ್ನ ಕೊಡಲ್ಲ ಅಂತ ನಾನು ಹೇಳಲ್ಲ ಮಾರಾಯ. ಮೇಸ್ತ್ರಿ ಆಗಿ ಬಾ, ಕೊಡ್ತೀನಿ" ಎಂದರು. ತಮಾಷೆಗೆ ಅರ್ಧ, ನಿಜಕ್ಕೆ ಅರ್ಧ. ಹಮೀದ ಪೂರ್ತಿ ನಿಜವೆಂದೇ ತೆಗೆದುಕೊಂಡು ಘಟ್ಟ ಇಳಿದುಬಿಟ್ಟ. ಮಂಗಳೂರಿನಲ್ಲಿ ಹಡಗಿನ ಬಡಗಿಯ ಸಹಾಯಕನಾಗಿ ಸೇರಿದನೆಂದು ತಿಳಿಯಿತು. ಆಮೇಲೆ ವರ್ಷಗಟ್ಟಲೆ ಸುದ್ದಿಯಿಲ್ಲ.

ಈ ಸಲ ಕಾಫಿ ಕುಯ್ಲಿನ ಕೊನೆಗೆ ಮಂಗಳೂರಿನ ಖಲಾಸಿಯೊಬ್ಬ ನನ್ನ ಮೂಡಿಗೆರೆ ಅಂಗಡಿ ಹುಡುಕಿಕೊಂಡು ಬಂದ. ಹಮೀದ ಜೀವಂತವಾಗಿದ್ದಾನೆ, ಪೋರ್ಚುಗಲ್ಲಿನ ಒಲ್ಯಾವ್ ಎಂಬ ಮೀನುಗಾರರ ಊರಿನಲ್ಲಿದ್ದಾನೆ ಎಂದ. "ಅಲ್ಲಿ ಎಲ್ರೂ ಅವ್ರಿಗೆ ಮೇಸ್ತ್ರಿ ಅಂತ್ಲೇ ಕರೀತಾರೆ" ಎಂದೂ ಹೇಳಿದ.

ಮೇಸ್ತ್ರಿ! ಆ ಸಂಜೆ ಮಾವನ ಮನೆಯಲ್ಲಿ ಹಬ್ಬ. ವಿಲಾಯಿತಿಯ ಮೇಸ್ತ್ರಿಯೆಂದರೆ ಕೈಕೆಳಗೆ ಐವತ್ತು ಜನವಾದರೂ ಇರಬೇಕೆಂದು ಮಾವ ಲೆಕ್ಕ ಹಾಕಿದರು. ಚಹ ಬರುವ ಹೊತ್ತಿಗೆ ನೂರಾಯಿತು. ಊಟಕ್ಕೆ ಏಳುವ ಹೊತ್ತಿಗೆ ಇನ್ನೂರು, ಅದೂ ಬಿಳಿಯ ಆಳುಗಳು. ಆದರೆ ಅವರ ಕೈಯಲ್ಲಿ ಇನ್ನೊಂದು ಸಂಬಂಧವೂ ಇತ್ತು. ಕಳಸದ ಅಡಿಕೆ ವ್ಯಾಪಾರಿಯೊಬ್ಬರು ಮಗನಿಗೆ ಖತೀಜಳನ್ನು ಕೇಳಿ ಹೋಗಿದ್ದರು. "ಮಳೆಗಾಲ ಹಿಡಿಯೋದ್ರೊಳಗೆ ಹಮೀದ ಬಂದ್ರೆ ಸೈ. ಇಲ್ಲಾಂದ್ರೆ ಕಳಸದವರಿಗೆ ಹೂಂ ಅಂತೀನಿ. ನನಗೂ ವಯಸ್ಸಾಯ್ತು" ಎಂದರು ಮಾವ. ನಾನು ಹೊರಡುವಾಗ ಖತೀಜ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ: "ಕರ್ಕೊಂಡೇ ಬನ್ನಿ ಅಂತ ಹೇಳಲ್ಲ ಭಾವ. ಕಾಯ್ಬೇಕೋ ಬೇಡ್ವೋ, ಅವರ ಬಾಯಿಂದ್ಲೇ ಒಂದು ಮಾತು ತನ್ನಿ."

ಮಂಗಳೂರಿನಿಂದ ಕರಾವಳಿಯ ಸಣ್ಣ ಹಡಗು ಹತ್ತಿ ಗೋವೆಯ ಮುರ್ಮುಗೋವಾ ಬಂದರಿಗೆ ಹೋದೆ. ಅಲ್ಲಿಂದ ಲಿಸ್ಬನ್ನಿಗೆ ಸರಕು ಹೊತ್ತು ಹೋಗುವ ಹಡಗೊಂದು ಕೆಲವು ಪ್ರಯಾಣಿಕರನ್ನೂ ಹತ್ತಿಸಿಕೊಳ್ಳುತ್ತಿತ್ತು. ಡೆಕ್ಕಿನ ಜಾಗ, ಊಟ ನಮ್ಮದೇ. ದರ ನಾನು ಹೆದರಿದ್ದಕ್ಕಿಂತ ಕಡಿಮೆಯಿತ್ತು. ಮೊದಲ ನಾಲ್ಕೈದು ದಿನ ಹೊಟ್ಟೆಯಲ್ಲಿ ಏನೂ ನಿಲ್ಲಲಿಲ್ಲ. ಏಡನ್ ಹತ್ತಿರ ಬರುವಾಗ ಮನುಷ್ಯನಾದೆ. ಸುಯೆಜ್ ಕಾಲುವೆಯಲ್ಲಿ ಹಡಗು ಮರಳಿನ ನಡುವೆ ಎತ್ತಿನ ಗಾಡಿಯ ಹಾಗೆ ನಿಧಾನವಾಗಿ ಹೋಯಿತು. ದಂಡೆಯಲ್ಲಿ ಒಂಟೆಯ ಮೇಲೆ ಕೂತವನೊಬ್ಬ ಸಲಾಂ ಹೇಳಿದಾಗ ಕಣ್ಣಲ್ಲಿ ನೀರು ಬಂತು. ಊರು ಬಿಟ್ಟವನಿಗೆ ಸಣ್ಣದಕ್ಕೆಲ್ಲ ಅಳು ಬರುತ್ತದೆ.

ಡೆಕ್ಕಿನಲ್ಲಿ ನನ್ನ ಪಕ್ಕದ ಹಾಸಿಗೆ ಒಬ್ಬ ಗೋವೆಯ ಅಡುಗೆಯವನದು. ಅವನೇ ನನಗೆ ಪೋರ್ಚುಗೀಸು ಕಲಿಸಿದ. ಕಲಿಸುವುದಕ್ಕೆ ಹೆಚ್ಚೇನೂ ಇರಲಿಲ್ಲ, ಅರ್ಧ ಭಾಷೆ ನಮ್ಮ ಮನೆಯಲ್ಲೇ ಬಿದ್ದಿತ್ತು. ಮೇಜಿಗೆ ಅವರೂ ಮೇಜ಼ ಎನ್ನುತ್ತಾರೆ. ಚಾವಿ ಶಾವ್ಯ, ಸಾಬೂನು ಸಬಾಂವ್. ಪಗಾರ ಕೂಡ ಅವರ ಮಾತಿನಿಂದ ಬಂದದ್ದಂತೆ. ಇಷ್ಟು ಕೊಟ್ಟವರು ಬದಲಿಗೆ ಏನನ್ನೂ ತೆಗೆದುಕೊಳ್ಳದೆ ಇದ್ದಿರಲಾರರು, ಆದರೆ ಅದು ಗೋವೆಯವರು ಹೇಳಬೇಕಾದ ಕಥೆ.

ಮೂರು ವಾರಕ್ಕೂ ಹೆಚ್ಚು ನೀರಿನ ಮೇಲಿದ್ದು ಒಂದು ಮುಂಜಾನೆ ಲಿಸ್ಬನ್ ಕಂಡೆವು. ತೇಜು ಎಂಬ ಹೊಳೆ ಸಮುದ್ರ ಸೇರುವ ಕಡೆ ಎಷ್ಟು ಅಗಲವಿದೆಯೆಂದರೆ ನಮ್ಮ ಭದ್ರೆಯನ್ನು ಅದರಲ್ಲಿ ಬಿಟ್ಟರೆ ದಾರಿ ತಪ್ಪುತ್ತದೆ. ಊರೆಲ್ಲ ಗುಡ್ಡದ ಮೇಲೆ. ಕಡಿದಾದ ಓಣಿಗಳಲ್ಲಿ ಟ್ರಾಮು ಏದುಸಿರು ಬಿಡುತ್ತ ಹತ್ತುತ್ತದೆ. ಮೀನಿನ ಬುಟ್ಟಿ ತಲೆಯ ಮೇಲಿಟ್ಟ ಹೆಂಗಸರು ಅದಕ್ಕಿಂತ ಬೇಗ ಹತ್ತುತ್ತಾರೆ. ಏಪ್ರಿಲ್ಲಿನ ಬಿಸಿಲು ನಮ್ಮ ಪುಷ್ಯದ ಬಿಸಿಲಿನಂತೆ ಹಿತವಾಗಿತ್ತು. ಯಾರಿಗೂ ಅವಸರವಿರಲಿಲ್ಲ. ಅಂಗಡಿಯವನು ನನಗೆ ಚಿಲ್ಲರೆ ಕೊಡುವುದನ್ನು ನಿಲ್ಲಿಸಿ ಪಕ್ಕದವನ ಮಗುವಿನ ಹಲ್ಲು ನೋಡಿಬಂದ.

ಅಲ್ಲಿ ಮೊದಲು ಮಾಡಿದ ಕೆಲಸ ಕಾಫಿ ಕುಡಿದದ್ದು. ವ್ಯಾಪಾರಿಯ ನಾಲಿಗೆ ಸುಮ್ಮನಿರಬೇಕಲ್ಲ. ಬೊಟ್ಟಿನಷ್ಟು ಬಟ್ಟಲಲ್ಲಿ ಕಪ್ಪಗೆ ಕೊಟ್ಟರು. ಬೀಜ ಪರವಾಗಿಲ್ಲ, ಆದರೆ ಹುರಿದ ಬಾರ್ಲಿ ಬೆರೆಸಿದ್ದರು. ಹೋಟೆಲಿನವನಿಗೆ ಸನ್ನೆಯಲ್ಲಿ ಅದನ್ನು ತಿಳಿಸಿದೆ. ಅವನು ಸಿಟ್ಟಾಗದೆ, ಬೆರಕೆಯೆಂದು ಗುರುತಿಸಿದ್ದಕ್ಕೆ ಸಂತೋಷಪಟ್ಟು ಇನ್ನೊಂದು ಬಟ್ಟಲು ಅದೇ ಬೆರಕೆಯನ್ನು ಬಿಟ್ಟಿಯಾಗಿ ಕೊಟ್ಟ.

ಮಾರನೆಯ ದಿನ ಹೊಳೆಯನ್ನು ದೋಣಿಯಲ್ಲಿ ದಾಟಿ, ಆಚೆ ದಡದಿಂದ ದಕ್ಷಿಣಕ್ಕೆ ಹೋಗುವ ರೈಲು ಹಿಡಿದೆ. ಮೂರನೇ ತರಗತಿ, ಮರದ ಬೆಂಚು. ದಾರಿಯುದ್ದಕ್ಕೂ ತೊಗಟೆ ಸುಲಿದ ಮರಗಳು ಕೆಂಪಗೆ ನಿಂತಿದ್ದವು. ಸೀಸೆಯ ಬಿರಡೆ ಮಾಡುವುದು ಆ ತೊಗಟೆಯಿಂದಲೇ. ಸುಲಿದ ಮೇಲೂ ಮರ ಸಾಯುವುದಿಲ್ಲ, ಮತ್ತೆ ಚರ್ಮ ಬೆಳೆಸಿಕೊಳ್ಳುತ್ತದೆ. ನಮ್ಮ ಸಿಲ್ವರ್ ಓಕಿಗೆ ಈ ವಿದ್ಯೆ ಗೊತ್ತಿದ್ದರೆ ತೋಟದವರು ಇಷ್ಟುಹೊತ್ತಿಗೆ ಬರಿಮೈ ಮಾಡಿಬಿಡುತ್ತಿದ್ದರು.

ಎದುರಿಗೆ ಕೂತ ರೈತ ಗಂಟು ಬಿಚ್ಚಿ, ತಿನ್ನುವ ಮೊದಲು ರೊಟ್ಟಿಯನ್ನು ನನ್ನ ಕಡೆ ಚಾಚಿ ಏನೋ ಹೇಳಿದ. ನಮ್ಮಲ್ಲಿ ಊಟಕ್ಕೆ ಬನ್ನಿ ಎಂದವರಿಗೆ ಒಲ್ಲೆನ್ನುವುದು ಅವಮಾನ. ಹೀಗಾಗಿ ನಾನು ಕೂಡಲೇ ಕೈ ಚಾಚಿದೆ. ಡಬ್ಬಿಯಲ್ಲಿದ್ದವರೆಲ್ಲ ನಕ್ಕರು. ಅಲ್ಲಿ ಹಾಗೆ ಕೇಳುವುದು ಮರ್ಯಾದೆ, ಬೇಡವೆನ್ನುವುದು ಅದಕ್ಕಿಂತ ದೊಡ್ಡ ಮರ್ಯಾದೆ ಎಂದು ನನಗೇನು ಗೊತ್ತು? ರೈತ ಮಾತ್ರ ನಗುತ್ತಲೇ ರೊಟ್ಟಿಯನ್ನು ಅರ್ಧ ಮುರಿದು ಕೊಟ್ಟ. ಜೊತೆಗಿದ್ದ ಮಾಂಸದ ತುಂಡನ್ನು ತೋರಿಸಿ ಯಾವುದೆಂದು ಕೇಳಿದೆ. ಅವನು ಮೂಗನ್ನು ಮೇಲಕ್ಕೊತ್ತಿ ಹಂದಿಯ ಹಾಗೆ ಸದ್ದು ಮಾಡಿದ. ನಾನು ಕೈಮುಗಿದೆ. ಅವನು ಅರ್ಥ ಮಾಡಿಕೊಂಡು ಅದರ ಬದಲು ಆಲಿವ್ ಕಾಯಿ ಕೊಟ್ಟ. ಉಪ್ಪಿನಕಾಯಿಯಂತಿದ್ದರೂ ಖಾರವಿಲ್ಲದೆ ಅನಾಥವಾಗಿತ್ತು.

ಒಲ್ಯಾವ್ ಸೇರಿದಾಗ ಸಂಜೆಯಾಗಿತ್ತು. ಯೂರೋಪಿನಲ್ಲಿ ಇಂಥ ಊರು ಇರುತ್ತದೆಂದು ನಾನು ಎಣಿಸಿರಲಿಲ್ಲ. ಸುಣ್ಣ ಬಳಿದ ಚೌಕ ಮನೆಗಳು, ಹೆಂಚಿಲ್ಲದ ಚಪ್ಪಟೆ ಮಾಳಿಗೆ, ಹೊರಗಿನಿಂದ ಹತ್ತುವ ಮೆಟ್ಟಿಲು. ಮಾಳಿಗೆಯ ಮೇಲೆ ಹೆಂಗಸರು ಬಟ್ಟೆ ಒಣಗಿಸುತ್ತ ಓಣಿಯಾಚೆಯ ಮಾಳಿಗೆಯವರೊಡನೆ ಹರಟುತ್ತಿದ್ದರು. ಹಿಂದೆ ನಮ್ಮ ದೀನಿನವರು, ಎಂದರೆ ಮುಸಲ್ಮಾನರು, ಆಳಿದ ಸೀಮೆಯಂತೆ ಅದು. ತಂಗಿದ ಮನೆಯ ಅಜ್ಜಿ ಮಾತಿಗೊಮ್ಮೆ "ಓಶಲಾ, ಓಶಲಾ" ಎನ್ನುತ್ತಿದ್ದಳು. ಅದು ನಮ್ಮ ಇನ್‌ಶಾ ಅಲ್ಲಾ ಎಂದು ತಿಳಿದಾಗ ಅವಳಿಗೆ ಹೇಳಬೇಕೆನಿಸಿತು. ಶಿಲುಬೆಯ ಕೆಳಗೆ ಕೂತವಳ ನೆಮ್ಮದಿ ಯಾಕೆ ಕೆಡಿಸಲಿ ಎಂದು ಬಿಟ್ಟೆ. ದಿನಕ್ಕೆ ಒಂದು ರೂಪಾಯಿಗೂ ಕಡಿಮೆಗೆ ಕೋಣೆ, ಎರಡು ಹೊತ್ತಿನ ಊಟ ಕೊಟ್ಟಳು. ಮೊದಲ ರಾತ್ರಿ ಕೆಂಡದ ಮೇಲೆ ಸುಟ್ಟ ಮೀನು ಬಂತು. ನೋಡಿದರೆ ಬೂತಾಯಿ! ಚಾರ್ಮಾಡಿ ಘಾಟಿ ಹತ್ತಿ ನಮ್ಮ ಮನೆಗೆ ಬರುವ ಅದೇ ಬೂತಾಯಿ. ಇದನ್ನು ತಿನ್ನಲು ಇಷ್ಟು ದೂರ ಬರಬೇಕಿತ್ತೇ ಎಂದು ನಗುತ್ತ ಆರು ತಿಂದೆ.

ಬೆಳಿಗ್ಗೆ ತಮ್ಮನನ್ನು ಹುಡುಕಲು ಹೊರಟೆ. ಹಮೀದ ಎಂದರೆ ಯಾರಿಗೂ ಗೊತ್ತಿಲ್ಲ. ದೊಡ್ಡ ಮೇಸ್ತ್ರಿಯನ್ನು ಹುಡುಕುವುದು ಹೇಗೆ? ದೊಡ್ಡ ಗುಂಪನ್ನು ಹುಡುಕಬೇಕು. ಹಾಗೆಂದುಕೊಂಡು ಬೂತಾಯಿಯನ್ನು ಡಬ್ಬಿಗೆ ತುಂಬುವ ಕಾರ್ಖಾನೆಯೊಂದರ ಮುಂದೆ ನಿಂತೆ. ಕೆಲಸಕ್ಕೆ ಕರೆಯುವ ಕೂಗು ಮೊಳಗಿತು, ನೂರಾರು ಹೆಂಗಸರು ತಲೆಗೆ ಬಿಳಿ ವಸ್ತ್ರ ಕಟ್ಟಿಕೊಂಡು ಒಳಗೆ ನುಗ್ಗಿದರು. ನನ್ನ ಎದೆ ಉಬ್ಬಿತು. ಇನ್ನೂರೆಂದು ಮಾವ ಹೇಳಿದ್ದು ಕಡಿಮೆಯಾಯಿತು ಎಂದುಕೊಂಡೆ. ಬಾಗಿಲಿನವನನ್ನು ಕೇಳಿದೆ: "ಮೇಸ್ತ್ರಿ?" ಅವನು ತಲೆಯಾಡಿಸಿ "ಆ, ಮೆಷ್ತ್ರ!" ಎಂದು ಎದುರಿನ ಅಂಗಡಿ ತೋರಿಸಿದ. ಅಲ್ಲಿ ಒಬ್ಬ ಮುದುಕ ಒಂಟಿಯಾಗಿ ಚಪ್ಪಲಿ ಹೊಲಿಯುತ್ತಿದ್ದ.

ಅವನಲ್ಲವೆಂದು ಕೈಯಾಡಿಸಿದೆ. ದಾರಿಹೋಕನೊಬ್ಬ ಇನ್ನೊಬ್ಬ ಮೆಷ್ತ್ರನ ಬಳಿಗೆ ಕರೆದೊಯ್ದ. ಅವನು ಪೀಪಾಯಿ ಮಾಡುವವನು. ಅವನು ತೋರಿಸಿದ ಮೆಷ್ತ್ರ ಬಲೆಗೆ ಬಣ್ಣ ಹಾಕುತ್ತಿದ್ದ. ಅವನ ಪಕ್ಕದಲ್ಲಿದ್ದ ಮೆಷ್ತ್ರ ಒಂದು ಮೀನು ದೋಣಿಯ ಯಜಮಾನ. ಇದೇನು ಊರಪ್ಪಾ, ಇಲ್ಲಿ ಆಳುಗಳೇ ಇಲ್ಲವೇ, ಎಲ್ಲರೂ ಮೇಸ್ತ್ರಿಗಳೇ ಎಂದು ತಲೆಕೆಟ್ಟಿತು. ಆಗ ದೋಣಿಯವನು ನನ್ನ ಮುಖವನ್ನು ಚೆನ್ನಾಗಿ ನೋಡಿ, ಬಣ್ಣ ನೋಡಿ, "ಮೆಷ್ತ್ರ ಅಮಿದು?" ಎಂದ. ಅವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ತಮ್ಮ ಅಮಿದುವಾಗಿದ್ದ.

ಕಡಲಂಚಿನ ಕೆಸರಿನ ಮೇಲೆ ಒಂದು ಮಾಡು, ಅದರಡಿಯಲ್ಲಿ ಅರ್ಧ ಕಟ್ಟಿದ ದೋಣಿ. ಪಕ್ಕೆಲುಬುಗಳ ನಡುವೆ ಕೂತು ಒಬ್ಬ ನೀರು ನುಗ್ಗದಂತೆ ಹಲಗೆಯ ಸಂದಿಗೆ ನಾರು ಹೊಡೆಯುತ್ತಿದ್ದ. ಹತ್ತಿರ ಒಬ್ಬ ಮುದುಕ ಡಾಂಬರು ಕಾಯಿಸುತ್ತಿದ್ದ. ಬೇರೆ ನರಪಿಳ್ಳೆಯಿಲ್ಲ. ನಾನು ದೂರದಿಂದಲೇ "ಹಮೀದಾ" ಎಂದೆ. ಅವನು ತಲೆಯೆತ್ತಿದ. ಗಡ್ಡ ಬಂದಿತ್ತು, ಕಣ್ಣು ಅದೇ. ಸುತ್ತಿಗೆ ಹಿಡಿದುಕೊಂಡೇ ಓಡಿಬಂದು ತಬ್ಬಿಕೊಂಡ. ಬೆನ್ನಿಗೆ ಸುತ್ತಿಗೆ ಬಡಿಯಿತು. ನಾವಿಬ್ಬರೂ ಗಟ್ಟಿಯಾಗಿ ಅತ್ತೆವು.

ಅಳು ಮುಗಿದ ಮೇಲೆ ನಾನು ಸುತ್ತ ನೋಡಿ ಕೇಳಿದೆ, "ಆಳುಗಳೆಲ್ಲ ಎಲ್ಲಿ? ಊಟಕ್ಕೆ ಹೋದ್ರಾ?"

"ಯಾವ ಆಳು ಅಣ್ಣ?"

"ನೀನು ಮೇಸ್ತ್ರಿ ಅಲ್ವನಾ?"

ಅವನು ನಕ್ಕ. ಆಮೇಲೆ ಹೇಳಿದ: "ಇಲ್ಲಿ ಮೇಸ್ತ್ರಿ ಅಂದ್ರೆ ಆಳು ಇಟ್ಕೊಂಡವನಲ್ಲ ಅಣ್ಣ. ಒಂದು ಕೆಲ್ಸ ಪೂರ್ತಿ ಕಲಿತವನು. ಯಾರೂ ನೇಮಿಸೋದಿಲ್ಲ. ಒಂದು ದಿನ ಜನ ಕರೆಯೋಕೆ ಶುರು ಮಾಡ್ತಾರೆ, ಅಷ್ಟೆ." ಅವನನ್ನು ಮೊದಲು ಹಾಗೆ ಕರೆದದ್ದು ಆ ಡಾಂಬರಿನ ಮುದುಕ, ಅವನ ಗುರು ಝುವಾಕಿಂ. ಹಮೀದ ಒಬ್ಬನೇ ಕಟ್ಟಿದ ಮೊದಲ ದೋಣಿ ಬಿರುಗಾಳಿಯಲ್ಲಿ ನೀರಡಿಯ ಮರಳ ದಿಬ್ಬ ದಾಟಿ ಎಲ್ಲರನ್ನೂ ಮನೆಗೆ ತಂದ ದಿನ.

ಹಡಗಿನಲ್ಲಿ ಜ್ವರ ಬಂದು ಹಮೀದನನ್ನು ಲಿಸ್ಬನ್ನಿನಲ್ಲಿ ಇಳಿಸಿ ಹೋಗಿದ್ದರು. ಕೆಲಸ ಹುಡುಕುತ್ತ ಇಲ್ಲಿಗೆ ಬಂದಿದ್ದ. ಮೆಷ್ತ್ರ ಎಂದು ಕರೆಸಿಕೊಂಡ ದಿನ ಕುಣಿದಾಡುವಷ್ಟು ಸಂತೋಷವಾಗಿತ್ತಂತೆ. ಮಾವ ಹೇಳಿದ್ದು ಆಯಿತಲ್ಲ! ಆದರೆ ರಾತ್ರಿ ಮಲಗಿದಾಗ ನಮ್ಮ ಕಡೆಯ ಮೇಸ್ತ್ರಿಯ ನೆನಪಾಯಿತು. "ಅಬ್ಬಾಸ್ ಮಾವ ಮೊದಲು ಕೇಳೋದೇ ಕೈಕೆಳಗೆ ಎಷ್ಟು ಜನ ಅಂತ. ಏನು ಹೇಳ್ಲಿ? ಅದ್ಕೇ ಬರ್ಲಿಲ್ಲ. ಖತೀಜಂಗೂ ಎಲ್ಲೋ ಮದುವೆ ಆಗಿರುತ್ತೆ ಅಂದ್ಕೊಂಡೆ" ಎಂದ.

ನಾನು ಖತೀಜಳ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ. ಕಳಸದ ಸಂಬಂಧವನ್ನೂ ಹೇಳಿದೆ. ಅವನು ದೋಣಿಯೊಳಕ್ಕೆ ಹೋಗಿ ಮತ್ತೆ ನಾರು ಹೊಡೆಯತೊಡಗಿದ. ನನಗೆ ಕೋಪ ಬಂತು. ಅಷ್ಟು ಸಮುದ್ರ ದಾಟಿ ಬಂದವನಿಗೆ ಟಕ್ ಟಕ್ ಎಂಬ ಉತ್ತರ!

ಆ ಮಧ್ಯಾಹ್ನ ಊರು ಬಾಗಿಲು ಹಾಕಿಕೊಂಡು ಮಲಗಿದಾಗ, ನಾನು ತಂದಿದ್ದ ಡಬ್ಬಿ ತೆಗೆದೆ. ನನ್ನ ಅಂಗಡಿಯ ಒಳ್ಳೆಯ ದುಂಡುಬೀಜದ ಕಾಫಿ. ಝುವಾಕಿಮನ ಡಾಂಬರಿನ ಒಲೆಯ ಮೇಲೆ, ಅವನದೇ ಬಾಣಲೆ ತೊಳೆದು, ಹುರಿದೆ. ಹೊಗೆ ಎದ್ದು ಮಾಡಿನ ತುಂಬ ಹರಡಿತು. ಟಕ್ ಟಕ್ ನಿಂತಿತು. ಹಮೀದ ದೋಣಿಯಿಂದ ಇಳಿದು ಬಂದು ಒಲೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತ. "ಕೊಟ್ಟಿಗೆಹಾರದ ಸಂತೆ ದಿನ ಹೀಗೇ ವಾಸನೆ ಬರ್ತಿತ್ತು" ಎಂದ. ಕುಟ್ಟಿ ಪುಡಿ ಮಾಡಿ, ಕುದಿಸಿ ಮೂವರೂ ಕುಡಿದೆವು. ಝುವಾಕಿಂ ತನ್ನ ಬಟ್ಟಲಿಗೆ ಕಾಫಿಗಿಂತ ಹೆಚ್ಚು ಸಕ್ಕರೆ ಹಾಕಿ ನನ್ನ ಮನಸ್ಸು ನೋಯಿಸಿದ.

ನಾನು ಬಂದದ್ದೇಕೆಂದು ಹಮೀದ ಗುರುವಿಗೆ ವಿವರಿಸಿದ. ಹುಡುಗಿಯ ತಂದೆಯೂ ಮೆಷ್ತ್ರ ಎಂದು ಹೇಳಿದಾಗ ಮುದುಕನ ಮುಖ ಅರಳಿತು. "ಮೆಷ್ತ್ರ ದ ಕೆ?" ಎಂದ. ಯಾವುದರ ಮೇಸ್ತ್ರಿ ಎಂದು ಅರ್ಥ. ಹಮೀದ ತಡವರಿಸಿ, ಜನರ ಮೇಸ್ತ್ರಿ ಎಂದ. ಮುದುಕ ಕಕ್ಕಾಬಿಕ್ಕಿಯಾಗಿ ಶಿಲುಬೆಯ ಗುರುತು ಮಾಡಿಕೊಂಡ. ಆಮೇಲೆ ಅವನು ಹೇಳಿದ್ದನ್ನು ಹಮೀದ ನನಗೆ ನಮ್ಮ ಮಾತಿನಲ್ಲಿ ಹೇಳಿದ: "ಜನರನ್ನ ಮಾಡೋ ಮೇಸ್ತ್ರಿ ಒಬ್ನೇ ಅಂತೆ ಅಣ್ಣ, ಅವನು ಮೇಲಿದ್ದಾನಂತೆ." ಅದಕ್ಕೆ ನಮ್ಮಿಬ್ಬರದೂ ತಕರಾರಿರಲಿಲ್ಲ.

ಸಂಜೆ ಮಾಳಿಗೆಯ ಮೇಲೆ ಜೊತೆಯಾಗಿ ನಮಾಜು ಮಾಡಿದ ಮೇಲೆ ಅವನು ತಾನಾಗಿಯೇ ಹೇಳಿದ. "ಬರ್ತೀನಿ. ಆದ್ರೆ ಈ ದೋಣಿ ಮುಗಿಸಿ. ಅರ್ಧ ಕಟ್ಟಿದ ದೋಣಿ ಬಿಟ್ಟು ಹೋದ್ರೆ ನಾನು ಮೇಸ್ತ್ರಿ ಅಲ್ಲ." ಮಳೆಗಾಲದೊಳಗೆ ಊರು ಸೇರಬೇಕು, ಮುಂದಿನ ಹಡಗು ತಪ್ಪಿದರೆ ಕೆಟ್ಟೆವು ಎಂದು ನಾನು ಚಡಪಡಿಸಿದೆ. ವಿಷಯ ತಿಳಿದ ಝುವಾಕಿಂ ತನ್ನ ಮೊಣಕಾಲು ನೋವು ಮರೆತು ದಿನವಿಡೀ ಕೆಲಸಕ್ಕೆ ನಿಂತ. ನನಗೂ ಒಂದು ಸುತ್ತಿಗೆ ಕೊಟ್ಟರು. ಎರಡನೇ ದಿನ ನಯವಾಗಿ ವಾಪಸು ತೆಗೆದುಕೊಂಡು, ಕಾಫಿ ಮಾಡುವ ಕೆಲಸ ಕೊಟ್ಟರು.

ಆ ದಿನಗಳು ನನ್ನ ಜೀವನದಲ್ಲೇ ಸುಖದ ದಿನಗಳು. ಬೆಳಿಗ್ಗೆ ಕಿತ್ತಳೆ, ರೊಟ್ಟಿ. ಮಧ್ಯಾಹ್ನ ಬೂತಾಯಿ. ಕಡಲಿನ ಇಳಿತದ ಹೊತ್ತಿಗೆ ಹೆಂಗಸರು ಸೀರೆಯಂತೆ ಲಂಗ ಎತ್ತಿಕಟ್ಟಿ ಕೆಸರಿನಲ್ಲಿ ಮರುವಾಯಿ ಚಿಪ್ಪು ಆರಿಸುವುದನ್ನು ನೋಡುತ್ತ ಕೂರುತ್ತಿದ್ದೆ. ಓಣಿಯ ಜನ ನನ್ನನ್ನೂ ಗುರುತು ಹಿಡಿದರು. ಒಂದು ದಿನ ಮೀನು ಮಾರುವವಳು "ಮೆಷ್ತ್ರ" ಎಂದು ಕೂಗಿದಳು. ತಮ್ಮನನ್ನು ಕರೆದಳೆಂದು ತಿರುಗಿದೆ. ಅವಳು ನನ್ನ ಕೈಯಲ್ಲಿದ್ದ ಕಾಫಿ ಪಾತ್ರೆ ತೋರಿಸಿದಳು. ವಾಸನೆ ಅವಳವರೆಗೂ ಹೋಗಿತ್ತು. ಮೂಡಿಗೆರೆಯಲ್ಲಿ ಇಪ್ಪತ್ತು ವರ್ಷ ವ್ಯಾಪಾರ ಮಾಡಿಯೂ ನನಗೆ ಅಷ್ಟು ದೊಡ್ಡ ಬಿರುದು ಸಿಕ್ಕಿರಲಿಲ್ಲ.

ದೋಣಿ ಮುಗಿಯಿತು. ಅದರ ಮೂತಿಯ ಎರಡೂ ಬದಿಗೆ ಕಣ್ಣು ಬರೆಯುವುದು ಆ ಕಡಲಿನ ಪದ್ಧತಿ. ದೋಣಿಗೆ ಮನೆಯ ದಾರಿ ಕಾಣಬೇಕಂತೆ. ಹಮೀದ ಒಂದು ಕಣ್ಣು ಬರೆದ, ಇನ್ನೊಂದನ್ನು ಝುವಾಕಿಂ ಬರೆದ. ಮುದುಕ ಬರೆದ ಕಣ್ಣು ಸ್ವಲ್ಪ ಮೆಳ್ಳೆಯಾಯಿತು. ಭರತದ ನೀರು ಬಂದಾಗ ಊರಿನವರೆಲ್ಲ ಹೆಗಲು ಕೊಟ್ಟು ನೂಕಿದರು. ದೋಣಿ ಒಂದು ಸಲ ವಾಲಿ, ನೆಟ್ಟಗಾಗಿ ನಿಂತಿತು. ಝುವಾಕಿಂ ಒಳಗೆ ಕೈಯಾಡಿಸಿ, ಒಣ ಅಂಗೈಯನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿದ. ಒಂದು ಹನಿ ಒಳಗೆ ಬಂದಿರಲಿಲ್ಲ.

ಮಾರನೆಯ ಬೆಳಿಗ್ಗೆ ಸ್ಟೇಷನ್ನಿಗೆ ಝುವಾಕಿಮನೂ, ಓಶಲಾ ಅಜ್ಜಿಯೂ ಬಂದರು. ಅಜ್ಜಿ ಒಣ ಅಂಜೂರದ ಗಂಟು ಕೊಟ್ಟು, ಎರಡು ಕೈಯಲ್ಲಿ ಎತ್ತಿಕೊಳ್ಳುವ ಸನ್ನೆ ಮಾಡಿ ಮಕ್ಕಳಾಗಲಿ ಎಂದಳು. "ಓಶಲಾ" ಎಂದು ನಾವಿಬ್ಬರೂ ಒಟ್ಟಿಗೆ ಹೇಳಿದೆವು. ಝುವಾಕಿಂ ತನ್ನ ನಾರು ಹೊಡೆಯುವ ಉಳಿಯನ್ನು ಹಮೀದನ ಜೇಬಿಗೆ ತುರುಕಿ, ರೈಲು ಬಿಡುವ ಮೊದಲೇ ಬೆನ್ನು ತಿರುಗಿಸಿ ಹೊರಟುಹೋದ. ಹಮೀದ ಕಿಟಕಿಯಿಂದ ಬಹಳ ಹೊತ್ತು ಆಚೆ ನೋಡುತ್ತಿದ್ದ.

ಹಡಗಿನಲ್ಲಿ ನಮಗೆ ಎರಡೇ ವಿಷಯ. ಒಂದು, ಬೆಟ್ಟದ ಮೇಲೆ ದೋಣಿ ಯಾರಿಗೆ ಬೇಕು ಎಂಬುದು. ಕಳಸದ ಕಡೆಯ ತೋಟಗಳಿಂದ ನಾನು ಕೊಳ್ಳುವ ಕಾಫಿ ಭದ್ರಾ ಹೊಳೆ ದಾಟಿ ಬರಬೇಕು. ಅಲ್ಲಿಯ ದೋಣಿಯಲ್ಲಿ ಮೂಟೆಗಿಂತ ನೀರೇ ಹೆಚ್ಚು. ಪ್ರತಿ ವರ್ಷ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಬೀಜ ನೆನೆದು ಮುಗ್ಗುತ್ತದೆ. ಇದನ್ನು 'ಅಯ್ಯೋ' ಎಂದು ಸುಮ್ಮನೆ ಹೇಳಿಕೊಂಡದ್ದು ನಾನು. ಹಮೀದ ಎದ್ದು ಕೂತ. "ಒಣ ದೋಣಿ ಮಾಡಿಕೊಟ್ರೆ ಜನ ತಗೊಳ್ಳಲ್ವಾ?" ಎಂದ. ಕೆಂಪು ಸಮುದ್ರ ಮುಗಿಯುವ ಹೊತ್ತಿಗೆ ಯಾವ ಮರ, ಎಷ್ಟು ಅಗಲ ಎಲ್ಲ ತೀರ್ಮಾನವಾಗಿತ್ತು.

ಎರಡನೆಯದು ಮಾವನ ಪ್ರಶ್ನೆ. "ನೀನು ಬಾಯಿ ಬಿಡ್ಬೇಡ, ನಾನು ನಲವತ್ತು ಜನ ಅಂತೀನಿ. ಇನ್ನೂರಲ್ಲ, ನಲವತ್ತು. ನಂಬೋ ಹಾಗಿರ್ಬೇಕು" ಎಂದೆ.

"ಹೆಸರು ಕೇಳಿದ್ರೆ ಅಣ್ಣ?"

"ಝುಝೆ, ಝುಝೆ, ಝುಝೆ. ಅರ್ಧ ಊರಿಗೆ ಅದೇ ಹೆಸರಲ್ವಾ."

ಅವನು ನಕ್ಕ, ಆದರೆ ಒಪ್ಪಿದೆನೆಂದು ಹೇಳಲಿಲ್ಲ. ನಿಜ ಹೇಳಿದರೆ ಮಾವ ಕಳಸದವರಿಗೆ ಹೂಂ ಎನ್ನುವುದು ಖಂಡಿತವೆಂದು ನನಗೆ ಭಯವಿತ್ತು.

ಮುರ್ಮುಗೋವೆಗೆ ಬರುವಾಗ ಮೋಡ ಕಟ್ಟಿತ್ತು. ಮಂಗಳೂರಿನ ಹಡಗು ಮಳೆಗಾಲಕ್ಕೆಂದು ನಿಂತುಹೋಗಿತ್ತು. ರೈಲಿನಲ್ಲಿ ಘಟ್ಟ ಹತ್ತಿ ಹುಬ್ಬಳ್ಳಿಯ ಮೇಲೆ ಕಡೂರಿಗೆ ಬಂದೆವು. ಅಲ್ಲಿಂದ ಬಸ್ಸು. ಚಿಕ್ಕಮಗಳೂರಿನಲ್ಲಿ ತುಂತುರು, ಮೂಡಿಗೆರೆಯಲ್ಲಿ ಜೋರು. ಕೊಟ್ಟಿಗೆಹಾರದಲ್ಲಿ ಇಳಿದಾಗ ಕೊಡೆಯಿದ್ದೂ ನೆನೆದೆವು. ಮಳೆಗಾಲ ನಮಗಿಂತ ಒಂದು ಹೆಜ್ಜೆ ಮುಂದೆ ಬಂದಿತ್ತು. ಮನೆಗೂ ಹೋಗದೆ ಮಾವನ ಮನೆಗೆ ಹೋದೆವು. ಮಾತು ಗಟ್ಟಿ ಮಾಡಲು ಕಳಸದವರು ಆ ಶುಕ್ರವಾರ ಬರುವವರಿದ್ದರಂತೆ.

ಮಾವ ಹಮೀದನನ್ನು ಕೂರಿಸಿ, ತಲೆಯೊರೆಸಿಕೊಳ್ಳಲು ಬಟ್ಟೆ ಕೊಟ್ಟು, ಆರೋಗ್ಯ ವಿಚಾರಿಸಿದರು. ಚಹ ಬಂತು. ಒಳಬಾಗಿಲ ಪರದೆಯ ಕೆಳಗೆ ಎರಡು ಪಾದ ಕಂಡವು. ಯಾರ ಪಾದವೆಂದು ನಮಗೆಲ್ಲ ಗೊತ್ತಿತ್ತು. ನಮ್ಮ ಮನೆಮಾತು ಬೇರೆ, ಆದರೆ ತೋಟದ ಮಾತು ಬಂದರೆ ಮಾವ ಕನ್ನಡಕ್ಕೆ ತಿರುಗುತ್ತಾರೆ. ತಿರುಗಿದರು.

"ಹೇಳು ಮಾರಾಯ. ಕೈಕೆಳಗೆ ಎಷ್ಟು ಜನ?"

ನಲವತ್ತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹಮೀದ ಅದಕ್ಕೆ ಮೊದಲೇ ಚಹದ ಲೋಟ ಕೆಳಗಿಟ್ಟು ಎರಡೂ ಅಂಗೈ ಮುಂದೆ ಚಾಚಿದ. ಉಗುರಿನ ಸಂದಿಯಲ್ಲಿ ಒಲ್ಯಾವಿನ ಡಾಂಬರು ಇನ್ನೂ ಇತ್ತು.

"ಕೈ ಎರಡಿದೆ ಮಾವ. ಕೆಳಗೆ ಯಾರೂ ಇಲ್ಲ."

ಮಾವ ನನ್ನ ಮುಖ ನೋಡಿದರು. ನಾನು ಹೆಂಚಿನ ಮೇಲೆ ಬೀಳುವ ಮಳೆ ನೋಡಿದೆ. ಅವರ ಇನ್ನೂರು ಬಿಳಿಯ ಆಳುಗಳು ಒಬ್ಬೊಬ್ಬರಾಗಿ ಎದ್ದುಹೋಗುವುದು ಮುಖದಲ್ಲೇ ಕಾಣುತ್ತಿತ್ತು. ಆಮೇಲೆ, ಅಭ್ಯಾಸಬಲವೋ ಏನೋ, ಹಮೀದನ ಬಲಗೈಯನ್ನು ಹಿಡಿದೆಳೆದುಕೊಂಡು ಬೆರಳಿನ ಬುಡವನ್ನು ಹೆಬ್ಬೆರಳಿನಿಂದ ಒತ್ತಿದರು. ಮತ್ತೆ ಒತ್ತಿದರು. ಅಂಗೈ ತಿರುಗಿಸಿ ಬೆಳಕಿಗೆ ಹಿಡಿದರು. ಇಂಥ ಕೈ ಅವರಿಗೆ ಘಟ್ಟದ ಕೆಳಗೂ ಸಿಕ್ಕಿರಲಾರದು. ಆದರೂ ಒತ್ತುತ್ತಲೇ ಕೂತರು.

ಪರದೆಯ ಹಿಂದಿನಿಂದ ಖತೀಜ ಮೆಲ್ಲಗೆ ಹೇಳಿದಳು, "ನೋಡಿದ್ದು ಸಾಕು ಬಾಪ. ಕೈ ಬಿಡ್ಬೇಡಿ."

ಅಬ್ಬಾಸ್ ಮೇಸ್ತ್ರಿ ಬಿಡಲಿಲ್ಲ.